ಹಿಂದಿನ ಕಾರಿನವರ ಕಾಫಿ

ಈ ಎಲ್ಲ ರಾದ್ಧಾಂತಕ್ಕೂ ಮೂಲ ಕಾರಣ ನಿದ್ದೆ. ಲೋವೆಲ್ ಟಿಬೆಟ್ಸ್ ಒಂಬತ್ತು ವರ್ಷಗಳಿಂದ ಬೆಳಗಿನ ಜಾವ ಮೂರೂಕಾಲಿಗೆ ಎದ್ದು, ನಾಲ್ಕೂವರೆಗೆ ಅಮೆರಿಕದ ಸ್ಪೊಕೇನ್ ಊರಿನ ಹಾರ್ನ್‌ಬೀಮ್ ಕಾಫಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಪಾಪ, ಮಗಳ ಶಾಲೆಯ ನಾಟಕದಲ್ಲಿ ನಿದ್ದೆ, ಚರ್ಚಿನಲ್ಲಿ ನಿದ್ದೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ನಿದ್ದೆ.

ಹಾರ್ನ್‌ಬೀಮ್ ಕಂಪನಿ ಇಪ್ಪತ್ತಾರು ದೇಶಗಳಲ್ಲಿ ಹಬ್ಬಿಕೊಂಡಿತ್ತು. ಅದರ ಬೆಳವಣಿಗೆ ಯೋಜನೆ ಬಹಳ ಸರಳ. ಒಂದು ಅಂಗಡಿ ಚೆನ್ನಾಗಿ ನಡೆದರೆ ಅದರ ಎದುರಿಗೇ ಇನ್ನೊಂದು ತೆರೆಯುವುದು. ಹಾಗೆ ರಸ್ತೆಯಾಚೆಯ ಕಚೇರಿ ಕಟ್ಟಡದಲ್ಲಿ ಹೊಸ ಅಂಗಡಿ ಸಿದ್ಧವಾಗಿತ್ತು. ಕಚೇರಿಯ ಜನಕ್ಕೆಂದೇ ತೆರೆಯುವ ಅಂಗಡಿ, ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದರೆ ಸಾಕು. ಅದಕ್ಕೊಬ್ಬ ಮ್ಯಾನೇಜರ್ ಬೇಕು ಎಂದು ನೋಟೀಸು ಬಂತು. ಲೋವೆಲ್ ‘ಒಂಬತ್ತು’ ಎಂಬುದನ್ನು ಮೂರು ಸಲ ಓದಿದ. ಸಂಬಳ ಎಷ್ಟೆಂದು ಓದದೆಯೇ ಅರ್ಜಿ ಹಾಕಿದ.

ಮಾನವ ಸಂಪನ್ಮೂಲ ವಿಭಾಗದ ರೋಸಲಿಂಡ್ ಓಸ್ಟರ್‌ಗಾರ್ಡ್ ಎಂಬಾಕೆ ಗುರುವಾರ ಬೆಳಿಗ್ಗೆ ಆರಕ್ಕೆ ಬಂದು, ಅವನು ಕೆಲಸ ಮಾಡುವುದನ್ನು ನೋಡಿ ತೀರ್ಮಾನಿಸುವುದೆಂದಾಯಿತು.

“ಆರು ಗಂಟೆಗೆ ನಮ್ಮಲ್ಲಿ ನೊಣಾನೂ ಇರಲ್ಲ, ನಡೀನ್. ಖಾಲಿ ಅಂಗಡೀಲಿ ನಾನೇನು ಕೆಲಸ ತೋರಿಸ್ಲಿ?” ಎಂದು ಲೋವೆಲ್ ಗೋಳಾಡಿದ.

ನಡೀನ್ ಕ್ಯೂಬಿಯಾಕ್‌ಗೆ ಅರವತ್ತಮೂರು ವರ್ಷ. ಕಾರಿನಲ್ಲಿ ಕೂತೇ ಕಾಫಿ ಕೊಳ್ಳುವವರ ಕಿಟಕಿ ಆಕೆಯದು. ಊರಿನ ಉಸಾಬರಿಯೂ ಆಕೆಯದೇ. “ನೀನು ಸುಮ್ನಿರಯ್ಯ. ಜನಾನ ಸೇರಿಸೋದು ನನಗೆ ಬಿಡು” ಎಂದಳು.

ಗುರುವಾರ ನಾಲ್ಕೂಮುಕ್ಕಾಲಿಗೆ ಮೊದಲ ಕಾರು ಬಂತು. ನಡೀನ್ ಕಿಟಕಿಯಿಂದ ತಲೆ ಹೊರಹಾಕಿ, “ನಿಮ್ಮ ಕಾಫಿ ದುಡ್ಡು ನಾನು ಕೊಟ್ಟಾಯ್ತು. ನೀವು ಹಿಂದಿನ ಕಾರಿನೋರದ್ದು ಕೊಟ್ಬಿಡಿ” ಎಂದಳು. ಆತ ಕೊಟ್ಟ. ಅವನ ಹಿಂದಿನವಳು ತನ್ನ ಹಿಂದಿನವರದ್ದು ಕೊಟ್ಟಳು. ಈ ಸರಪಳಿ ಊರಿಗೆ ಹೊಸದಲ್ಲ. ಒಮ್ಮೆ ಶುರುವಾದರೆ ಮುರಿಯುವ ಧೈರ್ಯ ಯಾರಿಗೂ ಇಲ್ಲ, ಮುರಿದವನ ಮನೆ ಮುಂದಿನ ಹಿಮವನ್ನು ಚಳಿಗಾಲವಿಡೀ ಯಾರೂ ಎತ್ತಿಕೊಡುವುದಿಲ್ಲ. ಸಾಲದ್ದಕ್ಕೆ ನಡೀನ್ ಊರಿನ ರೇಡಿಯೋಗೂ ಫೋನ್ ಮಾಡಿದ್ದಳು. ಐದೂವರೆ ಹೊತ್ತಿಗೆ ಸಾಲು ಪೆಟ್ರೋಲ್ ಬಂಕ್ ದಾಟಿ, ಪಶು ಆಸ್ಪತ್ರೆ ಸುತ್ತಿಕೊಂಡು ಹೋಗಿತ್ತು. ಕೆಲವರು ಪೈಜಾಮದಲ್ಲೇ ಬಂದಿದ್ದರು.

ಒಬ್ಬ ಪ್ಲಂಬರ್ ಬರೀ ಒಂದು ಕಪ್ಪು ಕಾಫಿ ಹೇಳಿದ್ದ. ಅವನ ಹಿಂದೆ ಶಾಲೆಯ ಕುಸ್ತಿ ತಂಡದ ವ್ಯಾನು.

“ಹನ್ನೊಂದು ಜನಾನಾ? ಎಲ್ಲರಿಗೂ ಚಾಕಲೇಟ್, ಮೇಲೆ ಕೆನೆ ಬೇರೆ? ಏನಮ್ಮ ಇದು ಹಗಲು ದರೋಡೆ!”

“ಹಗಲೆಲ್ಲಿ ಬಂತಪ್ಪಾ, ಇನ್ನೂ ಕತ್ತಲು. ಕೊಡೋಕಾಗಲ್ಲ ಅಂದ್ರೆ ಬಿಡು, ನೂರ ನಾಲ್ಕನೇ ಕಾರಲ್ಲಿ ಮುರೀತು ಅಂತ ರೇಡಿಯೋದೋರಿಗೆ ಹೇಳ್ತೀನಿ. ನಿನ್ನ ಹೆಸರೇನಂದೆ?”

ಪ್ಲಂಬರ್ ಹಲ್ಲು ಕಡಿಯುತ್ತ ಕೊಟ್ಟ. ಆಮೇಲೆ ಬಂದವರು ಕಾರಿಂದಿಳಿದು, ಹಿಂದೆ ಯಾವ ವ್ಯಾನೂ ಬರುತ್ತಿಲ್ಲವೆಂದು ನೋಡಿಕೊಂಡೇ ಸಾಲಿಗೆ ಸೇರತೊಡಗಿದರು.

ಒಳಗೆ ಲೋವೆಲ್ ಬುಗುರಿಯಾಗಿದ್ದ. ಹಾಲು ಮುಗಿಯಿತು. ಪಕ್ಕದ ದಿನಸಿ ಅಂಗಡಿಗೆ ಓಡಿ, ಕಂಕುಳಿಗೆ ಎರಡೆರಡು ಕ್ಯಾನು ಸಿಕ್ಕಿಸಿಕೊಂಡು ತಂದ. ಯಂತ್ರ ಹಬೆ ಉಗುಳಿ ಅವನ ಕನ್ನಡಕ ಮಂಜಾಯಿತು. ಅಂದಾಜಿನಲ್ಲೇ ಕಪ್ಪು ತುಂಬಿಸಿದ. ಸಾಲು ಸಾಗುತ್ತಿಲ್ಲವೆಂದು ತಟ್ಟೆ ಹಿಡಿದು ಕಾರುಗಳ ಬಳಿಗೇ ಹೋದಾಗ, ಕಾಫಿ ತೆಗೆದುಕೊಂಡ ಒಬ್ಬ ಮುದುಕ ಟ್ರಕ್ಕಿನ ಬಾಗಿಲು ಹಾಕಿಕೊಂಡು ಹೊರಟ. ಬಾಗಿಲಲ್ಲಿ ಲೋವೆಲ್‌ನ ಏಪ್ರನ್ ಸಿಕ್ಕಿಕೊಂಡಿತ್ತು.

“ತಾತಾ, ನಿಲ್ಸಿ! ನಿಲ್ಸೀ!”

ತಾತನಿಗೆ ಕಿವಿ ಮಂದ. ಲೋವೆಲ್ ಟ್ರಕ್ಕಿನ ಪಕ್ಕದಲ್ಲೇ ಪಶು ಆಸ್ಪತ್ರೆವರೆಗೂ ಓಡಿದ. ತಟ್ಟೆಯಲ್ಲಿದ್ದ ಆರು ಕಪ್ಪಿನಿಂದ ಒಂದು ಹನಿಯೂ ಚೆಲ್ಲಲಿಲ್ಲ. ಏದುಸಿರು ಬಿಡುತ್ತ ವಾಪಸು ಬಂದರೆ, ಬಾಗಿಲಲ್ಲಿ ಬೂದು ಕೋಟಿನ ಹೆಂಗಸೊಬ್ಬಳು ಏನೋ ಬರೆದುಕೊಳ್ಳುತ್ತಿದ್ದಳು.

“ನಾನು ಓಸ್ಟರ್‌ಗಾರ್ಡ್. ಗ್ರಾಹಕರನ್ನ ಬೀಳ್ಕೊಡೋಕೆ ಅಷ್ಟು ದೂರ ಓಡ್ತೀರಾ? ಇಪ್ಪತ್ತಾರು ದೇಶದಲ್ಲಿ ಇಂಥದ್ದು ನೋಡಿಲ್ಲ ನಾನು. ನೀವು ಮುಂದುವರಿಸಿ.”

ಎಂಟು ಗಂಟೆಗೆ ಇನ್ನೂರ ಹದಿನೇಳನೇ ಕಾರಿನೊಂದಿಗೆ ಸಾಲು ಮುಗಿಯಿತು. ಹಿಂದೆ ಯಾರೂ ಇರಲಿಲ್ಲವಾದ್ದರಿಂದ ಕೊನೆಯವಳು ಮಾತ್ರ ಬಿಟ್ಟಿ ಕಾಫಿ ಕುಡಿದು ನಗುತ್ತ ಹೋದಳು. ಓಸ್ಟರ್‌ಗಾರ್ಡ್ ಲೋವೆಲ್, ನಡೀನ್ ಇಬ್ಬರನ್ನೂ ಕೂರಿಸಿಕೊಂಡಳು.

“ಅಭಿನಂದನೆ ಲೋವೆಲ್. ಹೊಸ ಅಂಗಡಿ ನಿಮ್ದೇ.”

ಲೋವೆಲ್ ಮನಸ್ಸಿನಲ್ಲೇ ಅಲಾರಂ ಗಡಿಯಾರವನ್ನು ಕಿಟಕಿಯಾಚೆ ಎಸೆದ. ಬಿಸಿಲು ಬಂದಮೇಲೆ ಏಳುವುದು! ಎದ್ದ ಮೇಲೂ ಐದು ನಿಮಿಷ ಹೊದ್ದುಕೊಂಡು ಮಲಗುವುದು!

“ಆದ್ರೆ ಒಂಬತ್ತಕ್ಕೆ ತೆಗೀಬೇಕು ಅಂತ ಯೋಚಿಸಿದ್ದು ನಮ್ಮ ದಡ್ಡತನ” ಎಂದು ಆಕೆ ಮುಂದುವರಿಸಿದಳು. “ಈ ಊರಿನೋರು ಕತ್ತಲಲ್ಲೇ ಕಾಫಿಗೆ ಸಾಲು ನಿಲ್ತಾರೆ ಅಂತ ಇವತ್ತು ಕಣ್ಣಾರೆ ನೋಡ್ದೆ. ಹೊಸದನ್ನ ಮೂರೂವರೆಗೇ ತೆಗೆಯೋಣ. ನೀವು ಎರಡೂವರೆಗೆ ಬಂದ್ರೆ ಸಾಕು.”

ಲೋವೆಲ್ ಬಾಯಿ ತೆರೆದ. ನಿಜ ಹೇಳಿದರೆ ನಡೀನಳ ಕೆಲಸ ಹೋಗುತ್ತದೆ, ತನ್ನದೂ ಹೋಗುತ್ತದೆ. ಮಾತು ಬದಲಿಸಿದ.

“ಮತ್ತೆ... ಈ ಅಂಗಡಿ, ಮೇಡಂ?”

“ಎದುರುಬದುರು ಎರಡೂ ಜಾವದಲ್ಲೇ ಯಾಕೆ ತೆಗೀಬೇಕು? ಇದನ್ನ ಇನ್ಮೇಲೆ ಒಂಬತ್ತಕ್ಕೆ ತೆಗೆದ್ರಾಯ್ತು. ನಿಮ್ಮ ಜಾಗಕ್ಕೆ ನಡೀನ್ ಇರ್ತಾರೆ.”

“ಒಂಬತ್ತಕ್ಕಾ?” ನಡೀನ್ ಗಾಬರಿಯಾದಳು. “ಅಲ್ಲಿವರೆಗೂ ಮನೇಲಿ ನಾನೇನು ಮಾಡ್ಲಿ ಮೇಡಂ? ನನಗೆ ವಯಸ್ಸಾಯ್ತು, ಒಂದು ಗಂಟೆಗೆಲ್ಲ ಎಚ್ಚರ ಆಗಿಬಿಡುತ್ತೆ.”

ಲೋವೆಲ್ ಮೇಜಿನ ಮೇಲೆ ತಲೆಯಿಟ್ಟ. ನಡೀನ್ ಅಕ್ಕರೆಯಿಂದ ಅವನ ಬೆನ್ನು ಸವರಿದಳು.

“ಯೋಚ್ನೆ ಮಾಡ್ಬೇಡ ಕಣಯ್ಯ. ದಿನಾ ಒಂದು ಗಂಟೆಗೆ ನಾನೇ ಫೋನ್ ಮಾಡಿ ಎಬ್ಬಿಸ್ತೀನಿ.”