ದರ್ಜಿಯ ಹೃದಯಕ್ಕೆ ಇನ್ನೂ ಎಚ್ಚರವಾಗಿಲ್ಲ

ದೊಡ್ಡಾಸ್ಪತ್ರೆಯ ಇತಿಹಾಸದಲ್ಲೇ ಅತ್ಯಂತ ಯಶಸ್ವಿಯಾದ ಹೃದಯ ಶಸ್ತ್ರಚಿಕಿತ್ಸೆ ನಮ್ಮ ಬೀದಿಯ ದರ್ಜಿಯದು ಎಂದು ದಾಖಲೆಗಳು ದೃಢಪಡಿಸುತ್ತವೆ. ಆಗ ನಾನು ಅಲ್ಲೇ ಇದ್ದೆ. ಇರಲಿಲ್ಲ ಎನ್ನುವವರು ದಾಖಲೆ ತೋರಿಸಲಿ.

ದರ್ಜಿಯ ಹೃದಯದಲ್ಲಿ ಹುಟ್ಟಿನಿಂದ ಒಂದು ತೂತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸರ್ಜನ್ನರು ಸ್ಕ್ಯಾನ್ ನೋಡಿ, ಯಂತ್ರದಲ್ಲಿ ಅದೇ ಅಳತೆಯ ಪ್ಲಾಸ್ಟಿಕ್ ಹೃದಯವೊಂದನ್ನು ತೂತು ಸಮೇತ ಮುದ್ರಿಸಿದರು. ಮೊದಲು ಇದನ್ನು ಹೊಲಿದು ನೋಡುವುದು, ಆಮೇಲೆ ಅಸಲಿಗೆ ಕೈಹಾಕುವುದು.

"ಬಟ್ಟೆಗೆ ಮುಂಚೆ ಕಾಗದ ಕತ್ತರಿಸ್ತೀವಲ್ಲ, ಹಾಗೆ ಕಣೇ," ಎಂದ ದರ್ಜಿ ಹೆಂಡತಿಗೆ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಈ ಮಾದರಿ ಹೃದಯವನ್ನು ಹೆಡ್ ನರ್ಸ್ ತಡೆದರು. ನಿಯಮ ಹದಿನಾಲ್ಕು: ದಾಖಲಾತಿ ಸಂಖ್ಯೆಯಿಲ್ಲದ ಯಾವುದೇ ಹೃದಯವು ಒಳಪ್ರವೇಶಿಸತಕ್ಕದ್ದಲ್ಲ. ಅವಸರದಲ್ಲಿದ್ದ ಸರ್ಜನ್ನರು ದರ್ಜಿಯ ಮುಂಗೈಯಿಂದ ಸಂಖ್ಯೆಯ ಪಟ್ಟಿ ಬಿಚ್ಚಿ ಮಾದರಿಗೆ ಸುತ್ತಿದರು. ಹೊಲಿಗೆ ಸೊಗಸಾಗಿ ಕೂತಿತು. ಹೆಡ್ ನರ್ಸ್ ಕಡತದಲ್ಲಿ ಬರೆದರು: "ತೂತು ಮುಚ್ಚಲಾಗಿದೆ. ರಕ್ತಸ್ರಾವವಿಲ್ಲ. ರೋಗಿಯ ಸಹಕಾರ ಶ್ಲಾಘನೀಯ."

ಮರುದಿನ ದರ್ಜಿಯನ್ನು ಸ್ಟ್ರೆಚರಿನಲ್ಲಿ ತಂದರು.

"ಇವರದ್ದು ನಿನ್ನೆ ಆಗಿದೆ," ಎಂದರು ಹೆಡ್ ನರ್ಸ್.

"ಎದೆ ಮೇಲೆ ಒಂದು ಗೀರೂ ಇಲ್ವಲ್ಲ ತಾಯಿ!" ಎಂದ ದರ್ಜಿ.

"ನಮ್ಮ ಸರ್ಜನ್ ಕೈಚಳಕ ಅಂದ್ರೆ ಅದೇ."

ಹೆಂಡತಿ ಬಿಡಲಿಲ್ಲ. "ಅಕ್ಕಾ, ನೀವು ಹೊಲಿದಿದ್ದು ಪ್ಲಾಸ್ಟಿಕ್ಕಿಗೆ. ಇವರು ಹಾಗೇ ಇದಾರೆ. ಹೀಗೇ ಬಿಟ್ರೆ ವರ್ಷ ದಾಟಲ್ಲ ಅಂದಿದಾರೆ."

"ಒಂದು ಸಂಖ್ಯೆಗೆ ಒಂದೇ ಆಪರೇಷನ್ನಮ್ಮ. ಹೊಸದಾಗಿ ಸೇರಲಿ, ಬೇಡ ಅನ್ನಲ್ಲ. ಆದ್ರೆ ಮೊದಲು ಈ ಸಂಖ್ಯೆಯ ರೋಗಿ ಎದ್ದು ಮನೆಗೆ ಹೋಗ್ಬೇಕು."

"ಆ ರೋಗಿ ಎಲ್ಲಿ?"

"ಐಸಿಯುನಲ್ಲಿ. ಎಚ್ಚರ ಆಗಿಲ್ಲ ಇನ್ನೂ."

ಹೆಂಡತಿ ಸರ್ಜನ್ನರ ಹತ್ತಿರ ಓಡಿದಳು. "ನನ್ನ ಕೈಲೇನಿದೆಯಮ್ಮ? ನಾನು ಬರೀ ಸರ್ಜನ್," ಎಂದು ಅವರು ಕಣ್ಣೊರೆಸಿಕೊಂಡರು.

ಸಮಿತಿ ಸೇರಿತು. ಪ್ರಕಟಣೆ ಹೊರಬಿತ್ತು: "ಮಾದರಿಗೆ ಪ್ರಜ್ಞೆ ಮರಳುವವರೆಗೆ ಶ್ರೀ ದರ್ಜಿಯವರನ್ನು ರೋಗಿಯ ಹತ್ತಿರದ ಸಂಬಂಧಿಕರೆಂದು ಪರಿಗಣಿಸತಕ್ಕದ್ದು. ಭೇಟಿಯ ಸಮಯ ಸಂಜೆ ನಾಲ್ಕರಿಂದ ಐದು."

ಈಗ ದರ್ಜಿ ದಿನಾ ಮೂರು ಮಹಡಿ ಹತ್ತಿ ಬರುತ್ತಾನೆ. ಹೆಂಡತಿ ಹೃದಯದ ಮೇಲಿನ ಧೂಳು ಒರೆಸುತ್ತಾಳೆ. "ನಿನ್ನೆಗಿಂತ ಪರವಾಗಿಲ್ಲ ಅಲ್ವಾ?" ಎಂದು ಪಕ್ಕದ ಹಾಸಿಗೆಯವರೂ ವಿಚಾರಿಸುತ್ತಾರೆ.

ಮೊನ್ನೆ ದರ್ಜಿ ಐಸಿಯು ಬಾಗಿಲಲ್ಲೇ ಎದೆ ಹಿಡಿದುಕೊಂಡು ಧೊಪ್ಪನೆ ಬಿದ್ದ. ಹೆಡ್ ನರ್ಸ್ ಓಡಿ ಬಂದು ತುಟಿಗೆ ಬೆರಳಿಟ್ಟರು.

"ಶ್! ರೋಗಿ ಮಲಗಿದಾರೆ."

ದರ್ಜಿ ಬಿದ್ದಲ್ಲಿಂದಲೇ ಕ್ಷಮೆ ಕೇಳಿದ.