ಕಪಾಟಿನ ಸೋದರಮಾವ

ಹಳೆಯ ಖುರ್ಚಿ, ಮಂಚ, ಕೆತ್ತನೆಯ ಕಂಬಗಳ ಚಿತ್ರ ಬರೆಯುವುದು ನನ್ನ ಕಸುಬು. ಪುಣೆಯ ಪುಸ್ತಕದವರೊಬ್ಬರಿಗಾಗಿ ನಮ್ಮ ಗಡಿಭಾಗದ ವಾಡೆಗಳನ್ನು ಸುತ್ತುತ್ತೇನೆ. ಅಳತೆ ಟೇಪು ಹಿಡಿದು ಕಂಡವರ ಮನೆ ಹೊಕ್ಕವನಿಗೆ ಫಜೀತಿ ತಪ್ಪಿದ್ದಲ್ಲ.

ಉದಗೀರದ ಸೋಫಾ

ಉದಗೀರದ ಒಂದು ವಾಡೆಯಲ್ಲಿ ಅಣ್ಣ ತಮ್ಮ ಇಬ್ಬರಿಗೂ ಮಾತಿಲ್ಲ. ನಡುಮನೆಯಲ್ಲಿ ಅಜ್ಜನ ಕಾಲದ ಕೆತ್ತನೆಯ ಸೋಫಾ; ಅದರ ಎಡ ಅರ್ಧ ಅಣ್ಣನದು, ಬಲ ಅರ್ಧ ತಮ್ಮನದು; ಆಚೀಚೆ ಅವರವರ ಬಾಗಿಲು. ನಾನು ಅಣ್ಣನ ಬಾಗಿಲ ಹತ್ತಿರ ಕೂತು ಬರೆದೆ. ತಮ್ಮ ಬಗ್ಗಿ ನೋಡಿದ.

“ಅಣ್ಣನ ಪಾಲು ದೊಡ್ಡದು ತೆಗದೀರಲ್ರೀ?”

“ಹತ್ತಿರದ್ದು ದೊಡ್ಡದು ಕಾಣ್ತದ್ರಿ.”

“ಹಂಗಾದ್ರ ನನ್ನ ಬಾಗಿಲಾಗ ಕೂತು ತೆಗೀರಿ.”

ತೆಗೆದೆ. ಈಗ ಅಣ್ಣನ ಮುಖ ಗಂಟಾಯಿತು. ಕೊನೆಗೆ ನಟ್ಟನಡುವೆ ಕೂತು ಮೂರನೆಯದು ಬರೆದೆ. ಇಬ್ಬರೂ ಪಕ್ಕಪಕ್ಕ ನಿಂತು ನೋಡಿ, ಒಟ್ಟಿಗೆ ಅಂದರು: “ಇದರಾಗ ಇಬ್ಬರದೂ ಸಣ್ಣದಾಗ್ಯದ.” ವರ್ಷಗಳ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ ಅಂತೆ.

ಉಮರ್ಗಾದ ಖೋಲಿ

ದಿನವಿಡೀ ಸಿಂಹಮುಖದ ಖುರ್ಚಿ ಬರೆಯುವ ನನ್ನ ಬಾಡಿಗೆ ಖೋಲಿಯಲ್ಲಿ ಇರುವುದು ಒಂದೇ ಪ್ಲಾಸ್ಟಿಕ್ ಖುರ್ಚಿ. ಹೆಂಡತಿ ತೀರಿಕೊಂಡ ಮೇಲೆ ಎರಡನೆಯದನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಅದು ಖಾಲಿ ಕಂಡಾಗೆಲ್ಲ ಎದೆ ಭಾರವಾಗುತ್ತಿತ್ತು.

ಅಪರೂಪಕ್ಕೆ ಒಂದು ದಿನ ಮನೆ ಮಾಲಕರೂ ಲೈಟ್ ಬಿಲ್ಲಿನವನೂ ಒಟ್ಟಿಗೇ ಬಂದರು. “ನೀವು ಕೂಡ್ರಿ,” “ಏ, ನೀವು ಕೂಡ್ರಿ,” ಅಂತ ಉಪಚಾರ ಮಾಡಿಕೊಂಡರು. ಇಬ್ಬರೂ ಕೂಡಲಿಲ್ಲ. ನಾನು ಚಹಾ ಇಳಿಸುವುದರೊಳಗೆ ಇಬ್ಬರೂ ಹೋಗಿದ್ದರು. ಮೂರೂ ಕಪ್ಪು ನಾನೇ ಕುಡಿದೆ.

ನಿಲಂಗಾದ ಪೋಹೆ

ನಿಲಂಗಾದ ಒಬ್ಬ ಕಾಳಿನ ವ್ಯಾಪಾರಿಯ ಮನೆಯಲ್ಲಿ ನವಿಲು ಕೆತ್ತಿದ ಸಾಗವಾನಿ ಕಪಾಟು ಇತ್ತು. ಫೋನ್ ಮಾಡಿಯೇ ಹೋಗಿದ್ದೆ, ಅವರು ಮರೆತಿದ್ದರು. ಆದರೂ ಬಾಗಿಲಲ್ಲೇ ಕಾದಿದ್ದರು.

“ಬರ್ರಿ ಬರ್ರಿ. ಉಳಿದವರು?”

“ನಾ ಒಬ್ಬನೇ ರೀ.”

ಕೂಡಿಸಿ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ಕೊಟ್ಟರು. ಮನಿಯಾಗ ಯಾರ್ಯಾರು, ಅಡಗಿ ಯಾರು ಮಾಡ್ತಾರ, ಎಲ್ಲ ಕೇಳಿದರು. ನನ್ನನ್ನು ಯಾರೂ ಹೀಗೆ ಕೇಳಿ ಕಾಲವಾಗಿತ್ತು. ಖುಷಿಯಿಂದ ಎಲ್ಲ ಹೇಳಿದೆ. ಆಮೇಲೆ ಎದ್ದು ಕಪಾಟಿಗೆ ಟೇಪು ಹಿಡಿದೆ. ಯಜಮಾನರ ಬಣ್ಣ ಇಳಿಯಿತು.

“ಹುಡುಗಿ ನೋಡೋಕಿಂತ ಮೊದ್ಲ ಕಪಾಟು ಅಳೀತೀರಲ್ರೀ? ಅದು ಅಜ್ಜಂದು, ಕೊಡಾಂಗಿಲ್ಲ.”

ಪೋಹೆ ಯಾತಕ್ಕೆಂದು ಆಗ ತಿಳಿಯಿತು; ಆ ಕಡೆ ಹೆಣ್ಣು ನೋಡಲು ಬಂದವರಿಗೆ ಪೋಹೆ ಕೊಡುವುದು ಪದ್ಧತಿ. ನನ್ನನ್ನು ಗಂಡಿನ ಕಡೆಯವನೆಂದು ತಿಳಿದಿದ್ದರು. ನಾನು ಯಾರೆಂದು ಹೇಳಿ ಮುಗಿಸುವಷ್ಟರಲ್ಲಿ ನಿಜವಾದ ಬೀಗರು ಬಾಗಿಲಿಗೆ ಬಂದರು. ಅವರ ಹಿರಿಯರು ನನ್ನ ತಟ್ಟೆ ನೋಡಿದರು, ಟೇಪು ನೋಡಿದರು. ಹುಡುಗಿ ನೋಡಲು ಮತ್ತೊಂದು ಕಡೆಯವರು ಬಂದಿದ್ದಾರೆಂಬ ಸಂಶಯ ಅವರಿಗೆ.

“ಇವರ್ಯಾರ್ರೀ?”

ಸಂಬಂಧ ಕೈತಪ್ಪುವುದರಲ್ಲಿತ್ತು. ಯಜಮಾನರು, “ಹುಡುಗಿ ಸೋದರಮಾವ್ರಿ. ಸೊಸಿಗಿ ಇಂಥದ್ದೇ ಕಪಾಟು ಕೊಡಬೇಕಂತ ಅಳತಿ ತಗೋಳ್ಳಾಕತ್ಯಾರ,” ಅಂದರು. ನಾನು ಟೇಪು ಸುತ್ತಿಟ್ಟು ಬೀಗರ ಜೊತೆ ಇನ್ನೊಂದು ತಟ್ಟೆ ಪೋಹೆ ತಿಂದೆ. ಸಂಬಂಧ ಕೂಡಿತು.

ಹುಡುಗಿಗೆ ಬೇರೆ ಸೋದರಮಾವ ಇರಲಿಲ್ಲ. ಮದುವೆಯಲ್ಲಿ ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ, ಅವಳ ಹಿಂದೆ, ನಾನೇ ನಿಂತೆ. ಅಕ್ಷತೆ ಬೀಳುವಾಗ ಕಣ್ಣು ತುಂಬಿ ಬಂತು. ಕಳಿಸಿಕೊಡುವ ಹೊತ್ತಿಗೆ ಬೀಗರ ಹಿರಿಯರು ಕೇಳಿಯೇ ಬಿಟ್ಟರು, “ಮಾಮಾ, ಕಪಾಟು?”

ಯಜಮಾನರು ನೆಲ ನೋಡತೊಡಗಿದರು. ಕಟ್ಟು ಹಾಕಿಸಿ ತಂದಿದ್ದ ಕಪಾಟಿನ ಚಿತ್ರವನ್ನು ನಾನು ಮುಂದೆ ಹಿಡಿದೆ. ಹಿರಿಯರು ಬಹಳ ಹೊತ್ತು ನೋಡಿ ಅಂದರು: “ಚೊಲೋ ಆಯ್ತು. ಖರೇದು ನಮ್ಮ ಬಾಗಿಲಾಗ ಹಿಡೀತಿದ್ದಿಲ್ಲ.”

ನಾಗರ ಪಂಚಮಿಗೆ ಹುಡುಗಿ ಹಬ್ಬದ ಉಂಡಿ ಕಟ್ಟಿಕೊಂಡು, ಗಂಡನನ್ನು ಕರೆದುಕೊಂಡು ಉಮರ್ಗಾಕ್ಕೆ, ನನ್ನ ಖೋಲಿಗೆ ಬಂದಳು. ಪಕ್ಕದ ಮನೆಗೆ ಓಡಿ ಹಳೆಯ ಖುರ್ಚಿ ವಾಪಸು ತಂದೆ. ಇಬ್ಬರೂ ಕೂತರು. ಖೋಲಿ ತುಂಬಿದಂತಾಯಿತು. ನಾನು ಗೋಡೆಗೆ ಒರಗಿ ನಿಂತೆ.

“ಮಾಮಾ, ನೀವು ಎಲ್ಲಿ ಕೂಡ್ತೀರಿ?” ಅಂದಳು.

ಅವಳ ಗಂಡ ಉಂಡಿ ಕಡಿಯುತ್ತಾ, “ಅವರ್ದೇನ್ ಚಿಂತಿ ಮಾಡ್ತಿ. ಒಂದು ಖುರ್ಚಿ ಬರ್ಕೊಂಡು ಕೂಡ್ತಾರ,” ಅಂದ.