ಚದರ ಅಂಗುಲದ ಫಸಲು

ಗುಮಾಸ್ತರ ನೆತ್ತಿಯ ಮೇಲೆ ಒಂದು ಮಚ್ಚೆ ಇದೆ. ಮೂವತ್ತು ದಿನಗಳ ಹಿಂದೆ ಅವರ ಹೆಂಡತಿ ಆ ಮಚ್ಚೆಯನ್ನೇ ಮೂಲೆಯಾಗಿಟ್ಟುಕೊಂಡು, ಸ್ಕೇಲು ಹಿಡಿದು, ಅಂಗುಲ ಉದ್ದ ಅಂಗುಲ ಅಗಲದ ಒಂದು ಚೌಕ ಎಳೆದಳು. ಹೇರ್‌ಪಿನ್ನಿನ ತುದಿಯಿಂದ ಚೌಕದೊಳಗಿನ ಕೂದಲನ್ನು ಒಂದೊಂದಾಗಿ ಸರಿಸಿ ಎಣಿಸಿದಳು. ನಲವತ್ತಮೂರು. ಅದನ್ನು ಕ್ಯಾಲೆಂಡರಿನಲ್ಲಿ ಬರೆದು ಸುತ್ತ ಒಂದು ಸೊನ್ನೆ ಸುತ್ತಿದಳು. ಗುಮಾಸ್ತರ ಫಜೀತಿಗೆಲ್ಲ ಮೂಲ ಈ ನಲವತ್ತಮೂರು.

ಎಣಿಸುವ ಅಗತ್ಯವಾದರೂ ಏನಿತ್ತು ಎಂದರೆ, ಗುಮಾಸ್ತರು ಲೇಸರ್ ಟೊಪ್ಪಿಗೆ ಕೊಂಡಿದ್ದರು. ಹೊರಗಿನಿಂದ ನೋಡಿದರೆ ಸ್ಕೂಟರಿನ ಹೆಲ್ಮೆಟ್ಟು, ಒಳಗೆ ನೂರಾರು ಕೆಂಪು ದೀಪ. ದಿನಕ್ಕೆ ಇಪ್ಪತ್ತು ನಿಮಿಷ ಹಾಕಿಕೊಂಡು ಕೂತರೆ ನಿದ್ದೆ ಹೋದ ಬೇರುಗಳು ಎಚ್ಚರಗೊಳ್ಳುತ್ತವಂತೆ. ಹೆಂಡತಿ ಬಟ್ಟೆ ಒಗೆಯುವ ಮಷೀನಿಗೆಂದು ಎರಡು ವರ್ಷದಿಂದ ಎತ್ತಿಟ್ಟಿದ್ದ ದುಡ್ಡು ಅದಕ್ಕೆ ಹೋಯಿತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ, 'ಮೂವತ್ತು ದಿನದಲ್ಲಿ ಒಂದು ಕೂದಲೂ ಹೆಚ್ಚದಿದ್ದರೆ ಯಂತ್ರ ವಾಪಸು, ಹಣ ವಾಪಸು' ಎಂದಿತ್ತು. ಡಬ್ಬಿಯ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ, 'ಫಲಿತಾಂಶಕ್ಕೆ ಕನಿಷ್ಠ ಆರು ತಿಂಗಳು ಬೇಕು' ಎಂದೂ ಇತ್ತು. ಗುಮಾಸ್ತರು ಮೇಲಿನದನ್ನು ಓದಿ ಕೊಂಡಿದ್ದರು. ತಳದ್ದನ್ನು ಮನೆಗೆ ಬಂದ ಮೇಲೆ ಹೆಂಡತಿ ಓದಿದಳು.

ಇವತ್ತು ಮೂವತ್ತನೆಯ ದಿನ. ಅಂಗಡಿಯ ಬಾಗಿಲು ಸಂಜೆ ಆರಕ್ಕೆ ಮುಚ್ಚುತ್ತದೆ.

"ಬಾರೇ, ಎಣಿಸಿಬಿಡು" ಎಂದು ಗುಮಾಸ್ತರು ಬೆಳಿಗ್ಗೆ ತಲೆ ಬಗ್ಗಿಸಿದರು.

ಹೆಂಡತಿ ಬಕೆಟಿನಲ್ಲಿ ಬೆಡ್‌ಶೀಟು ತುಳಿಯುತ್ತಿದ್ದಳು. "ನಾನು ಎಣಿಸಲ್ಲಪ್ಪ. ಕಡಿಮೆ ಬಂತು ಅಂದ್ರೆ, ಮಷೀನಿನ ಆಸೆಗೆ ಸುಳ್ಳು ಹೇಳ್ತಿದೀಯ ಅಂತೀರಿ."

"ಹಾಗಾದ್ರೆ ಎರಡು ಕನ್ನಡಿ ಇಟ್ಕೊಂಡು ನಾನೇ ಎಣಿಸ್ತೀನಿ."

"ನೀವು ಎಣಿಸಿದ್ರೆ ಹುಬ್ಬಿನ ಕೂದಲೂ ಲೆಕ್ಕಕ್ಕೆ ಬರುತ್ತೆ. ರೀ, ನಿಮ್ಮ ಆಫೀಸಲ್ಲಿ ಎಣಿಸೋದೇ ಕೆಲಸ ತಾನೆ? ಅವರ ಕೈಲೇ ಎಣಿಸಿ, ಸೀಲು ಹಾಕಿಸ್ಕೊಂಡು ಬನ್ನಿ. ನಲವತ್ತಮೂರಕ್ಕಿಂತ ಒಂದೇ ಒಂದು ಜಾಸ್ತಿ ಇದ್ರೂ ಟೊಪ್ಪಿಗೆ ನಿಮ್ಮದು, ನಾನು ತುಟಿಪಿಟಕ್ ಅನ್ನಲ್ಲ. ಇಲ್ಲಾಂದ್ರೆ ಆರು ಗಂಟೆಯೊಳಗೆ ಅದು ಅಂಗಡೀಲಿರಬೇಕು."

ಗುಮಾಸ್ತರು ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ? ನಲವತ್ತಾರನೆಯ ವಯಸ್ಸಿಗೆ ಅವರಿಗೆ ಉಳಿದಿದ್ದ ಆಸೆ ಎಂದರೆ ಅದೊಂದೇ: ಗಾಳಿ ಬೀಸಿದಾಗ ತಲೆಯ ಮೇಲೆ ಏನಾದರೂ ಅಲ್ಲಾಡಬೇಕು.

ಟೊಪ್ಪಿಗೆಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ತರು ಅಡ್ಡ ನಿಂತರು. ಊರಿನ ಕಾಗದಗಳನ್ನೆಲ್ಲ ಒಡೆಯದೆ ಹಂಚಿದ ಮನುಷ್ಯ. ಆ ಕುತೂಹಲವನ್ನೆಲ್ಲ ರಿಟೈರಾದ ಮೇಲೆ ತೀರಿಸಿಕೊಳ್ಳುತ್ತಿದ್ದರು.

"ದಿನಾ ಸಂಜೆ ನಿಮ್ಮ ಕಿಟಕೀಲಿ ಕೆಂಪು ಬೆಳಕು ಕಾಣುತ್ತಲ್ಲ, ಏನದು?"

ಗುಮಾಸ್ತರು ಹೇಳಿದರು.

"ಅಯ್ಯೋ, ಅದಾ! ನನ್ನ ಷಡ್ಡಕ ಒಂದು ವರ್ಷ ಹಾಕ್ಕೊಂಡ ಅದನ್ನ."

"ಬಂತಾ ಕೂದಲು?"

"ಬಂತು, ಬರದೆ ಏನು. ಕಿವಿಯೊಳಗೆ."

ಗುಮಾಸ್ತರು ಚೀಲವನ್ನು ಬಗಲಿಗೇರಿಸಿಕೊಂಡು ಬಸ್ಸು ಹತ್ತಿದರು.

ಅವರು ಕೆಲಸ ಮಾಡುವುದು ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ. ಬೀಜ ಮಾರುವವರು ಅಲ್ಲಿಗೆ ಮಾದರಿ ಕಳಿಸುತ್ತಾರೆ. ಒದ್ದೆ ಕಾಗದದ ಮೇಲೆ ನೂರು ಬೀಜ ಹರಡಿ, ಏಳು ದಿನ ಕಾದು, ಎಷ್ಟು ಮೊಳೆತವು ಎಂದು ಎಣಿಸುತ್ತಾರೆ. ಒಬ್ಬರು ಎಣಿಸಿದರೆ ಸಾಲದು. ಇಬ್ಬರು ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಹೇಳದೆ ಎಣಿಸಿ ಚೀಟಿ ಕೊಡಬೇಕು. ಎರಡೂ ಹೆಚ್ಚುಕಡಿಮೆ ಹೊಂದಿದರೆ ಮಾತ್ರ ರಿಪೋರ್ಟು. ರಿಪೋರ್ಟನ್ನು ಟೈಪು ಮಾಡುವವರು ನಮ್ಮ ಗುಮಾಸ್ತರು. ಸಾವಿರಾರು ಮೊಳಕೆಗಳಿಗೆ ಸರ್ಟಿಫಿಕೇಟು ಕೊಟ್ಟ ಕೈಗಳು ಅವು.

ಗುಮಾಸ್ತರ ಕೋರಿಕೆ ಕೇಳಿ ದೊಡ್ಡ ಸಾಹೇಬರು ಕನ್ನಡಕ ತೆಗೆದರು. "ಏನ್ರೀ ಇದು, ತಮಾಷೆನಾ? ನಮ್ಮ ನಿಯಮಾವಳಿಯಲ್ಲಿ ಕಾಳಿದೆ, ಸೊಪ್ಪಿದೆ, ಹುಲ್ಲಿದೆ. ತಲೆ ಎಲ್ಲಿದೆ?"

"ಇಲ್ಲ ಸಾರ್. ಆದ್ರೆ ಎಣಿಕೆ ಎಣಿಕೇನೇ ಅಲ್ವಾ ಸಾರ್. ಲೇಸರ್ ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ಗೊತ್ತಾಗಬೇಕಿತ್ತು."

ಸಾಹೇಬರ ಕೈ ತಾನಾಗಿಯೇ ತಮ್ಮ ತಲೆಯ ಮೇಲೆ ಹೋಯಿತು. ಅಲ್ಲಿ ತಡೆಯುವಂಥದ್ದು ಏನೂ ಇರಲಿಲ್ಲವಾದ್ದರಿಂದ ಕೈ ಹಣೆಯಿಂದ ಕತ್ತಿನವರೆಗೂ ಜಾರಿತು. ಅವರು ಎದ್ದು ಬಾಗಿಲು ಮುಚ್ಚಿ ಬಂದರು.

"ಮಾದರಿ ಸಂಖ್ಯೆ ಕೊಟ್ಟು ರಿಜಿಸ್ಟರಿಗೆ ಹತ್ತಿಸಿ. ಮಾಡೋದಾದ್ರೆ ಕ್ರಮವಾಗಿ ಮಾಡೋಣ."

ಹೀಗೆ ಗುಮಾಸ್ತರು ಇನ್ನೂರ ಹದಿನೆಂಟನೆಯ ಮಾದರಿಯಾದರು. ಅದರ ಚೀಟಿಯನ್ನು ಅವರೇ ಬರೆದು ಅವರೇ ಅಂಗಿಯ ಕಾಲರಿಗೆ ಅಂಟಿಸಿಕೊಂಡರು. ಸುದ್ದಿ ಹಬ್ಬಿ, ಹತ್ತು ನಿಮಿಷದಲ್ಲಿ ಪ್ರಯೋಗಾಲಯದ ಕೆಲಸವೆಲ್ಲ ನಿಂತಿತು. ಒದ್ದೆ ಮಾಡಿ ಎಣಿಸಬೇಕೆಂದು ಒಬ್ಬರು, ಒಣಗಿಸಿ ಎಣಿಸಬೇಕೆಂದು ಇನ್ನೊಬ್ಬರು. ಫ್ರಿಜ್ಜಿನಲ್ಲಿ ಎರಡು ಗಂಟೆ ಇಟ್ಟರೆ ಒಳ್ಳೆಯದೆಂದು ಮತ್ತೊಬ್ಬರು ಹೇಳಿದಾಗ ಗುಮಾಸ್ತರು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮೊದಲ ಎಣಿಕೆ ಭೂತಗನ್ನಡಿ ಮೇಡಮ್ಮಿನದು. ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಅವರ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ. ಅವರ ಮನೆಯಲ್ಲಿ ಮೊಮ್ಮಕ್ಕಳು ಬಿಸ್ಕತ್ತು ಕದಿಯುವ ಗೋಜಿಗೇ ಹೋಗುವುದಿಲ್ಲವಂತೆ. ಅವರು ಎಲ್ಲರನ್ನೂ ಹೊರಗೆ ಕಳಿಸಿ, ಗುಮಾಸ್ತರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ದೀಪ ಹಚ್ಚಿ, ಚಿಮಟ ಕೈಗೆತ್ತಿಕೊಂಡರು.

"ಮೇಡಂ, ನಿಮಗೇನನ್ನಿಸುತ್ತೆ..."

"ಮಾದರಿ ಮಾತಾಡಬಾರದು."

ಮಾದರಿ ಬಾಯಿ ಮುಚ್ಚಿಕೊಂಡಿತು. ನೆತ್ತಿಯ ಮೇಲೆ ಚುಳ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಚುಳ್. ಗುಮಾಸ್ತರಿಗೆ ಟೊಪ್ಪಿಗೆಯ ಜೊತೆ ಬಂದ ಪುಸ್ತಕದ ಮಾತು ನೆನಪಾಗಿ ಮೈ ಜುಮ್ಮೆಂದಿತು: 'ಚುಚ್ಚಿದಂತಾದರೆ ಹೆದರಬೇಡಿ, ಬೇರುಗಳು ಎಚ್ಚರಗೊಂಡಿವೆ.' ಮೂವತ್ತು ದಿನದಲ್ಲಿ ಒಮ್ಮೆಯೂ ಆಗದ ಅನುಭವ ಇವತ್ತು, ಸರಿಯಾಗಿ ಕೊನೆಯ ದಿನ, ಆಗುತ್ತಿತ್ತು. ಅವರು ಒಂದೊಂದು ಚುಳ್ಳನ್ನೂ ಎಣಿಸತೊಡಗಿದರು. ನಲವತ್ತಮೂರು ದಾಟಿತು. ಐವತ್ತು ದಾಟಿತು. ಅವರ ಕಣ್ಣಲ್ಲಿ ನೀರು ಬಂತು. ಅರ್ಧ ನೋವಿಗೆ, ಅರ್ಧ ಸಂತೋಷಕ್ಕೆ.

ಮೇಡಂ ಚೀಟಿ ಬರೆದು ಮಡಚಿ ಹೊರಗೆ ಹೋದರು. ಎರಡನೆಯ ಎಣಿಕೆಗೆ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹೊಸ ತಜ್ಞೆ ಬಂದಳು. ಬಂದವಳು ನೋಡಿದಳು. ಭೂತಗನ್ನಡಿ ಒರೆಸಿ ನೋಡಿದಳು. ದೀಪ ಬದಲಾಯಿಸಿ ನೋಡಿದಳು.

"ಸಾರ್, ಮಚ್ಚೆ ಇರೋದು ಇದೇ ತಲೇಲಿ ತಾನೆ?"

"ನನಗೆ ಬೇರೆ ತಲೆ ಎಲ್ಲಿದೆಯಮ್ಮ?"

ಅವಳು ಪಾಪ, ನಿಟ್ಟುಸಿರು ಬಿಟ್ಟು ಚೀಟಿ ಬರೆದಳು.

ಸಾಹೇಬರು ಎಲ್ಲರ ಎದುರಿಗೆ ಚೀಟಿ ಬಿಡಿಸಿದರು. ಮೊದಲನೆಯದರಲ್ಲಿ ಅರವತ್ತೊಂದು. ಗುಮಾಸ್ತರು ಕುರ್ಚಿಯಿಂದ ನೆಗೆದರು. ಎರಡನೆಯದರಲ್ಲಿ ಸೊನ್ನೆ. ಗುಮಾಸ್ತರು ಮತ್ತೆ ಕೂತರು.

"ಇದೇನ್ರಮ್ಮ ಇದು! ಐದು ವ್ಯತ್ಯಾಸ ಬಂದ್ರೆ ನಾನು ಒಪ್ಪಲ್ಲ. ಇಲ್ಲಿ ಅರವತ್ತೊಂದು ವ್ಯತ್ಯಾಸ!" ಸಾಹೇಬರು ಕೂಗಾಡಿದರು.

"ಇದ್ದರೆ ತಾನೆ ಸಾರ್ ಬರೆಯೋದು? ಅಲ್ಲಿ ಏನೂ ಇಲ್ಲ" ಎಂದು ಹೊಸ ತಜ್ಞೆ ಅಳುವ ಹಾಗಾದಳು.

"ಈಗ ಇಲ್ಲ, ಸರಿ" ಎಂದರು ಮೇಡಂ ಶಾಂತವಾಗಿ. "ನಾನು ಎಣಿಸಿದ್ದನ್ನ ಎಣಿಸಿದ ಹಾಗೆ ತೆಗೆದಿದೀನಲ್ಲ. ಎಣಿಸಿದ ಮೊಳಕೇನ ಕೀಳದೆ ಅಲ್ಲೇ ಬಿಟ್ರೆ ಮತ್ತೆ ಎಣಿಕೆಗೆ ಬಂದುಬಿಡುತ್ತೆ. ಇಪ್ಪತ್ತೊಂಬತ್ತು ವರ್ಷದಿಂದ ಹೀಗೇ ಮಾಡ್ಕೊಂಡು ಬಂದಿದೀನಿ."

ಅವರು ಒಂದು ತಟ್ಟೆಯನ್ನು ಮುಂದೆ ತಂದರು. ಒದ್ದೆ ಬಿಳಿ ಕಾಗದದ ಮೇಲೆ, ಹತ್ತು ಹತ್ತರ ಆರು ಸಾಲು. ಕೊನೆಯಲ್ಲಿ ಒಂದು ಒಂಟಿ ಕೂದಲು. ಒಂದೂ ಸೊಟ್ಟಗಿರಲಿಲ್ಲ.

ಗುಮಾಸ್ತರು ಮೆಲ್ಲಗೆ ನೆತ್ತಿ ಮುಟ್ಟಿ ನೋಡಿಕೊಂಡರು. ಬೆರಳಿಗೆ ಮಚ್ಚೆ ಸಿಕ್ಕಿತು. ಅದರ ಪಕ್ಕ ಅಂಗುಲದಷ್ಟು ಜಾಗ ಅಂಗೈ ಥರ ನುಣ್ಣಗಿತ್ತು. ಮೇಡಮ್ಮಿಗೆ ಮಾತ್ರ ಇದರಲ್ಲಿ ಬೇಸರ ಪಡುವಂಥದ್ದು ಏನಿದೆ ಎಂದು ತಿಳಿಯಲಿಲ್ಲ.

ಸಾಹೇಬರು ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತೀರ್ಪು ಕೊಟ್ಟರು. "ಎರಡನೇ ಎಣಿಕೆ ಕೊಯ್ಲಾದ ಗದ್ದೇಲಿ ನಡೆದದ್ದು, ಅದು ಲೆಕ್ಕಕ್ಕಿಲ್ಲ. ಮೊದಲನೆಯದಕ್ಕೆ ಸಾಕ್ಷಿ ಕಣ್ಣೆದುರಿಗೇ ಇದೆ. ನಲವತ್ತಮೂರು ಇದ್ದದ್ದು ಅರವತ್ತೊಂದು. ಹದಿನೆಂಟು ಹೆಚ್ಚು! ರಿಪೋರ್ಟು ಟೈಪು ಮಾಡಿ ತನ್ನಿ. ನನಗೂ ಒಂದು ಪ್ರತಿ ಇರಲಿ. ಆಮೇಲೆ... ಆ ಅಂಗಡಿ ಎಲ್ಲಿದೆ ಅಂದ್ರಿ?"

ಹದಿನೆಂಟು ಹೆಚ್ಚು! ಆ ಮಾತು ಕೇಳಿದ್ದೇ ಗುಮಾಸ್ತರ ದುಃಖ ಹಾರಿಹೋಯಿತು. ಕಿತ್ತದ್ದು ಕಿತ್ತರು, ಅದಕ್ಕೇನಂತೆ. ಬೆಳೆಸುವ ಯಂತ್ರ ಕೈಯಲ್ಲಿರುವಾಗ ಅರವತ್ತೊಂದು ಕೂದಲಿಗೆ ಯಾರಾದರೂ ಅಳುತ್ತಾರೆಯೇ? ಅವರು ತಮ್ಮ ತಲೆಯ ರಿಪೋರ್ಟನ್ನು ತಾವೇ ಒಂದು ತಪ್ಪೂ ಇಲ್ಲದೆ ಟೈಪು ಮಾಡಿ ಸೀಲು ಹಾಕಿಸಿಕೊಂಡರು. ನಾಲ್ಕು ಗಂಟೆಗೆ ಅಂಗಡಿಯಿಂದಲೇ ಫೋನು ಬಂತು.

"ಸಾರ್, ಇವತ್ತು ನಿಮ್ಮ ಮೂವತ್ತನೇ ದಿನ. ಯಂತ್ರ ವಾಪಸ್ ತರ್ತಿದೀರಾ?"

"ವಾಪಸ್ಸಾ? ಯಾಕ್ರೀ ವಾಪಸ್? ಹದಿನೆಂಟು ಕೂದಲು ಹೆಚ್ಚಾಗಿದೆ! ಸರ್ಟಿಫಿಕೇಟೇ ಇದೆ ನನ್ನ ಹತ್ರ. ಎಂಥಾ ಯಂತ್ರ ರೀ ಅದು, ಎಲ್ಲರೂ ಕೊಳ್ಳಬೇಕು!"

"ತುಂಬಾ ಸಂತೋಷ ಸಾರ್. ನಿಮ್ಮ ಮಾತು ರೆಕಾರ್ಡ್ ಆಗ್ತಿದೆ."

"ಆಗಲಿ, ಧಾರಾಳವಾಗಿ ಆಗಲಿ!"

ಮನೆಗೆ ಬಂದಾಗ ಐದೂಕಾಲು. ಒಂದು ಕೈಯಲ್ಲಿ ರಿಪೋರ್ಟು, ಇನ್ನೊಂದರಲ್ಲಿ ಮೇಡಂ ಗಾಜು ಮುಚ್ಚಿ ಕೊಟ್ಟಿದ್ದ ತಟ್ಟೆ. ಹೆಂಡತಿ ಮೊದಲು ಗಂಡನ ನೆತ್ತಿ ನೋಡಿ ಎದೆ ಹಿಡಿದುಕೊಂಡಳು.

"ಏನ್ರೀ ಇದು! ಇದ್ದದ್ದೂ ಹೋಯ್ತಲ್ರೀ!"

"ತಲೆ ನೋಡಬೇಡ, ತಟ್ಟೆ ನೋಡು" ಎಂದರು ಗುಮಾಸ್ತರು ಗತ್ತಿನಿಂದ. "ಅರವತ್ತೊಂದು. ಬೇಕಾದ್ರೆ ಎಣಿಸ್ಕೋ."

ಹೆಂಡತಿ ತಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು, ಗಾಜು ತೆಗೆದು, ಬೆಳಕಿಗೆ ಓರೆಯಾಗಿ ಹಿಡಿದಳು. ತುಟಿ ಅಲ್ಲಾಡಿಸುತ್ತ ಸಾಲು ಸಾಲಾಗಿ ಎಣಿಸಿದಳು. ಅರವತ್ತೊಂದೇ ಇತ್ತು. ಆಮೇಲೆ ಯಾಕೋ ಇನ್ನೊಮ್ಮೆ, ಅಲ್ಲಲ್ಲಿ ಬಿಟ್ಟು ಬಿಟ್ಟು, ಎಣಿಸಿದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಗಂಡನ ಪಕ್ಕ ಕೂತಳು.

"ರೀ, ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಹದಿನೆಂಟು ಬಿಳಿ ಕೂದಲಿದೆ. ಒದ್ದೆ ಕಾಗದಕ್ಕಂಟಿ ಅದು ಬಿಳೀದು ಅಂತ ನಿಮಗೆ ಗೊತ್ತಾಗಿಲ್ಲ."

"ಇರಲಿ ಬಿಡು. ಬಿಳೀದಾದ್ರೂ ಕೂದಲೇ ಅಲ್ವಾ?"

"ಕೂದಲೇ. ಆದ್ರೆ ಅವತ್ತು ನಾನು ಕರಿಯದನ್ನ ಮಾತ್ರ ಎಣಿಸಿದ್ದೆ."

ಗುಮಾಸ್ತರು ತಟ್ಟೆಯನ್ನು ಎಳೆದುಕೊಂಡು ತಾವೂ ಓರೆಯಾಗಿ ಹಿಡಿದು ನೋಡಿದರು.

"ನೆತ್ತಿ ಮೇಲೆ ಬೆಳ್ಳಗಾಗಿದೆ ಅಂತ ನಿಮಗೆ ಗೊತ್ತೇ ಇರಲಿಲ್ಲ. ಮೊದಲೇ ಉದುರ್ತಿದೆ ಅಂತ ಕೊರಗ್ತಿದ್ರಿ. ಇದನ್ನೂ ಹೇಳಿ ಯಾಕೆ ಹೊಟ್ಟೆ ಉರಿಸ್ಲಿ ಅಂತ ಬಿಳೀದನ್ನ ಬಿಟ್ಟು ಎಣಿಸಿದೆ. ಬೆಳಿಗ್ಗೆ ನಿಮ್ಮನ್ನ ಕಳಿಸೋವಾಗ ಅದು ನೆನಪೇ ಆಗಲಿಲ್ಲ." ಅವಳ ದನಿ ಸಣ್ಣಗಾಯಿತು. "ಕರಿಯದು ಅವತ್ತೂ ನಲವತ್ತಮೂರು, ಇವತ್ತೂ ನಲವತ್ತಮೂರು."

ಗುಮಾಸ್ತರು ಗಡಿಯಾರ ನೋಡಿದರು. ಐದೂವರೆ. ಅಂಗಡಿಗೆ ಹತ್ತು ನಿಮಿಷದ ದಾರಿ. ಅವರು ಅಂಗಡಿಗೆ ಫೋನು ಮಾಡಿದರು.

"ನೋಡಿ, ಒಂದು ಸಣ್ಣ ತಪ್ಪಾಗಿದೆ. ಕೂದಲು ಒಂದೂ ಹೆಚ್ಚಾಗಿಲ್ಲ. ಯಂತ್ರ ಈಗಲೇ ತರ್ತಾ ಇದೀನಿ."

"ಸಾರ್, ನೀವು ತುಂಬಾ ತಮಾಷೆ ಮಾಡ್ತೀರಿ" ಎಂದು ಅಂಗಡಿಯವನು ನಕ್ಕ. "ನೀವು ನಾಲ್ಕು ಗಂಟೆಗೆ ಹೇಳಿದ್ದನ್ನ ಬಂದವರಿಗೆಲ್ಲ ಕೇಳಿಸ್ತಿದೀವಿ. ನಿಮ್ಮ ದೊಡ್ಡ ಸಾಹೇಬರು ಐದು ಗಂಟೆಗೇ ಬಂದು ಒಂದು ಟೊಪ್ಪಿಗೆ ತಗೊಂಡು ಹೋದ್ರು. ಸೀಲಿರೋ ರಿಪೋರ್ಟಿನ ಪ್ರತಿಯನ್ನೂ ಕೊಟ್ಟಿದಾರೆ, ಬಾಗಿಲಿಗೇ ಅಂಟಿಸಿದೀವಿ. ಎಣಿಕೆ ತಪ್ಪು ಅಂತ ಬೇಕಾದ್ರೆ ಸಾಹೇಬರ ಕೈಲೇ ಬರೆಸ್ಕೊಂಡು ಬನ್ನಿ. ಆರು ಗಂಟೆವರೆಗೂ ಇರ್ತೀವಿ."

ಗುಮಾಸ್ತರು ಫೋನಿಟ್ಟರು. ಹೊಸ ಟೊಪ್ಪಿಗೆಯನ್ನು ಹಾಕಿಕೊಂಡು ಈ ಹೊತ್ತಿಗೆ ಮನೆಯಲ್ಲಿ ಕಣ್ಣು ಮುಚ್ಚಿ ಕೂತಿರಬಹುದಾದ ಸಾಹೇಬರನ್ನು ನೆನೆದರು. ಸಾಹೇಬರ ಬಳಿ ಹೋಗಿ ಈ ಮಾತು ಹೇಳುವ ಎದೆಗಾರಿಕೆ ಅವರಿಗಿರಲಿಲ್ಲ.

ಆರು ಹೊಡೆಯಿತು. ಹೆಂಡತಿ ಟೊಪ್ಪಿಗೆಯನ್ನು ಚೀಲದಿಂದ ತೆಗೆದು ಅದರ ಜಾಗದಲ್ಲಿಟ್ಟಳು. ಬೈಯಲಿಲ್ಲ, ಕೊಂಕು ನುಡಿಯಲಿಲ್ಲ; ಬೈದಿದ್ದರೆ ಗುಮಾಸ್ತರಿಗೆ ಎಷ್ಟೋ ಹಾಯೆನಿಸುತ್ತಿತ್ತು. ಅವಳು ಗಂಡನ ನೆತ್ತಿಯ ಬೋಳು ಚೌಕವನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

"ಹೋಗಲಿ ಬಿಡಿ. ನಾಳೆಯಿಂದ ಸೊನ್ನೆಯಿಂದಲೇ ಶುರು. ಒಂದು ಬಂದ್ರೂ ಅದು ಯಂತ್ರದ್ದೇ ಅಂತ ಗೊತ್ತಾಗುತ್ತೆ."

ಗುಮಾಸ್ತರ ಮುಖದಲ್ಲಿ ಮತ್ತೆ ಆಸೆಯ ಕಳೆ ಮೂಡಿತು. "ಬರುತ್ತೆ ಅಂತೀಯಾ?"

"ಕಿತ್ತ ಕೂದಲು ತಾನಾಗೇ ಬರುತ್ತಲ್ರೀ. ಅರವತ್ತೊಂದೂ ಬರುತ್ತೆ, ನೀವೂ ಯಂತ್ರ ಗೆದ್ದಿತು ಅಂತೀರಿ. ಅಲ್ಲೀವರೆಗೆ ಬನ್ನಿ, ಬೆಳಿಗ್ಗೆಯಿಂದ ಬಕೆಟಲ್ಲೇ ಇರೋ ಈ ಬೆಡ್‌ಶೀಟಿನ ಆ ತುದಿ ಹಿಡ್ಕೊಳ್ಳಿ, ಹಿಂಡೋಣ."